ಉಫ್ ಅಂತ ಊದಿದರೆ ಹೋಗುತ್ತಾ?

ಮಕ್ಕಳೇ, ನೇರಳೆ ಹಣ್ಣಿನ ಕಾಲ ಬಂತು. ಕನ್ನಡಿ ಮುಂದೆ ನಿಂತು ಯಾರ ನಾಲಿಗೆ ಹೆಚ್ಚು ನೇರಳೆ ಎಂದು ಪಂದ್ಯ ಕಟ್ಟುವ ಕಾಲ. ಹೋದ ವರ್ಷ ನಮ್ಮ ಮನೆಯಲ್ಲಿ ಈ ಪಂದ್ಯ ಅರ್ಧಕ್ಕೇ ನಿಂತಿತು. ತಪ್ಪು ನನ್ನದು.

ಸಂಜೆ ಮೊಮ್ಮಗನ ಜೊತೆ ತಿರುಗಾಡಲು ಹೋಗಿದ್ದೆ. ರಸ್ತೆ ಬದಿಯ ಮರದ ಕೆಳಗೆ ಹಣ್ಣು ಉದುರಿ ಬಿದ್ದಿತ್ತು. ಹುಡುಗ ಒಂದು ಬೊಗಸೆ ಆರಿಸಿಕೊಂಡು, "ತಾತಾ, ಮನೇಲಿ ತೊಳ್ಕೊಂಡು ತಿನ್ನೋಣ" ಅಂದ. ನಾನು ನಕ್ಕುಬಿಟ್ಟೆ. "ನಾವೆಲ್ಲ ಉಫ್ ಅಂತ ಊದಿ ಬಾಯಿಗೆ ಹಾಕ್ಕೋತಿದ್ವಿ ಕಣೋ, ನಮಗೇನಾಯ್ತು?" ಎಂದು ಊದಿ ತೋರಿಸಿದೆ. ಅವನೂ ಊದಿ ತಿಂದ.

ಮಾರನೆಯ ದಿನ ಅವನಿಗೆ ವಾಂತಿ, ಭೇದಿ. ಎರಡು ದಿನ ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಾ ಕೂತೆ. ಹಣ್ಣಿನಿಂದಲೇ ಬಂತು ಎಂದು ಡಾಕ್ಟರರು ಖಚಿತವಾಗಿ ಹೇಳಲಿಲ್ಲ. "ಆ ಮರದ ಕೆಳಗೆ ನಾಯಿಗಳು ಓಡಾಡುತ್ತವಾ?" ಎಂದು ಕೇಳಿದರು, ಅಷ್ಟೆ. ನಾನು ತಲೆ ತಗ್ಗಿಸಿದೆ.

ನನ್ನ ವಾರಗೆಯವರೇ, ನಮಗೇನೂ ಆಗಲಿಲ್ಲ ಎನ್ನುತ್ತೇವಲ್ಲ, ಅದು ಪೂರ್ತಿ ನಿಜವೇ? ಆಗಲೂ ಮಳೆಗಾಲದಲ್ಲಿ ಭೇದಿ, ಕಾಮಾಲೆ, ಟೈಫಾಯ್ಡ್ ಬರುತ್ತಿತ್ತು. ನಾವು ಹಣ್ಣಿನ ಮೇಲೆ ಅನುಮಾನ ಪಡಲಿಲ್ಲ.

ನೇರಳೆಯ ಸಿಪ್ಪೆ ಬಲು ತೆಳು. ಮರದಿಂದ ಬಿದ್ದ ಏಟಿಗೇ ಒಡೆಯುತ್ತದೆ, ಮಣ್ಣು ಒಳಗಿನ ತಿರುಳಿಗೇ ಅಂಟುತ್ತದೆ. ಅಂಥದ್ದನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಎಸೆಯಬೇಕು. ಇನ್ನು ಗಾಡಿಯ ಮೇಲೆ ಮಿರಮಿರ ಹೊಳೆಯುವ ಹಣ್ಣು? ಹೊಳಪಿಗೆಂದು ಚಿಮುಕಿಸಿದ ನೀರು ಯಾವ ಬಕೆಟ್ಟಿನದೋ!

ಈಗ ನಮ್ಮನೆಯಲ್ಲಿ ಹಣ್ಣು ತೊಳೆಯುವ ಅಧಿಕಾರ ಮೊಮ್ಮಗನದು. ಮೊದಲು ಸೋಪು ಹಾಕಿ ಕೈ ತೊಳೆಯುತ್ತಾನೆ. ಒಡೆದದ್ದು, ಕೊಳೆತದ್ದು ಆರಿಸಿ ತೆಗೆಯುತ್ತಾನೆ. ಉಳಿದದ್ದನ್ನು ತೂತಿನ ಬುಟ್ಟಿಗೆ ಹಾಕಿ, ನಲ್ಲಿಯ ಸಣ್ಣ ಧಾರೆಯ ಕೆಳಗೆ ಹಿಡಿದು, ಬೆರಳಿನಿಂದ ಮೆಲ್ಲಗೆ ಹೊರಳಿಸುತ್ತಾನೆ. ನಾನು ಪಾತ್ರೆಯಲ್ಲಿ ಮುಳುಗಿಸಿಡುತ್ತಿದ್ದೆ. "ಒಂದು ಹಣ್ಣಿನ ಕೊಳೆ ಎಲ್ಲಾ ಹಣ್ಣಿಗೂ ಹತ್ತುತ್ತೆ ತಾತಾ" ಎಂದು ಬೈಸಿಕೊಂಡೆ. ಕೊನೆಗೊಮ್ಮೆ ಕುದಿಸಿ ಆರಿಸಿದ ನೀರು ಹೊಯ್ದು, ಶುಭ್ರವಾದ ಬಟ್ಟೆಯ ಮೇಲೆ ಹರಡುತ್ತಾನೆ.

ಕೈಗೆ ಹಾಕುವ ಸೋಪನ್ನು ಹಣ್ಣಿಗೆ ಮಾತ್ರ ಹಾಕಬಾರದು. ಹಣ್ಣು ಅದನ್ನು ಹೀರಿಕೊಳ್ಳುತ್ತದೆ. ನನ್ನ ಹೆಂಡತಿಗೆ ಉಪ್ಪುನೀರೇ ಸರ್ವರೋಗಕ್ಕೂ ಮದ್ದು. ಸ್ಟ್ರಾಬೆರಿಯಲ್ಲಿ ಅಡಗಿದ ಸಣ್ಣ ಹುಳು ಅದರಿಂದ ಹೊರಬರುತ್ತದೆ, ನಿಜ. ರೋಗಾಣುಗಳೂ ಸತ್ತವು ಎಂದು ನಂಬುವ ಹಾಗಿಲ್ಲ. ಸ್ಟ್ರಾಬೆರಿಯ ಹಸಿರು ಟೋಪಿಯನ್ನು ತೊಳೆದ ಮೇಲೆ ತೆಗೆಯಿರಿ, ಮೊದಲೇ ಕಿತ್ತರೆ ಆ ಗಾಯದಿಂದ ಕೊಳೆನೀರು ಒಳಗೆ ಹೋಗುತ್ತದೆ. ದ್ರಾಕ್ಷಿಯ ಮೇಲಿನ ಬಿಳಿ ಪುಡಿ ಕಂಡು ಹೆದರಬೇಡಿ. ಸಾಮಾನ್ಯವಾಗಿ ಅದು ಹಣ್ಣೇ ಹೊದ್ದುಕೊಂಡ ಮೇಣ. ಹಾಗೆಂದು ತೊಳೆಯದೆ ತಿನ್ನಬೇಡಿ ಮತ್ತೆ!

ನಾನು ಇನ್ನೊಂದು ಎಡವಟ್ಟೂ ಮಾಡಿದೆ. ಆ ಭೇದಿಯ ಭಯದಲ್ಲಿ ಒಂದು ಕಿಲೋ ನೇರಳೆ ತಂದು, ಎಲ್ಲವನ್ನೂ ತೊಳೆದು, ಒದ್ದೆ ಒದ್ದೆಯಾಗಿಯೇ ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಟ್ಟೆ. ಕೆಲವು ದಿನ ಬಿಟ್ಟು ಸೊಸೆ ಮುಚ್ಚಳ ತೆಗೆದರೆ ಬೂಷ್ಟು! ಈ ಹಣ್ಣುಗಳಿಗೆ ತೇವ ಆಗದು. ಒಣದಾಗಿಯೇ ಇಟ್ಟು, ತಿನ್ನುವ ಹೊತ್ತಿಗೆ ಬೇಕಾದಷ್ಟೇ ತೊಳೆಯಬೇಕು. ಎಷ್ಟು ತೊಳೆದರೂ ರೋಗಾಣು ಪೂರ್ತಿ ಹೋಗುವುದಿಲ್ಲ, ಬಹಳಷ್ಟು ಕಡಿಮೆಯಾಗುತ್ತದೆ.

ಮೊನ್ನೆ ಈ ವರ್ಷದ ಮೊದಲ ನೇರಳೆ ಬಂತು. ತೊಳೆದು, ಚೂರು ಉಪ್ಪು ಉದುರಿಸಿ ತಟ್ಟೆ ಮುಂದಿಟ್ಟ. ನಾನು ಕೈ ಚಾಚಿದೆ. ತಟ್ಟೆ ಹಿಂದಕ್ಕೆ ಎಳೆದುಕೊಂಡ.

"ತಾತಾ, ಕೈ ತೊಳೆದ್ಯಾ?"

ಎದ್ದು ಬಚ್ಚಲಿಗೆ ಹೋದೆ.