ಮನ್ನಣೆಗೆ ಮಾನದಂಡ ಯಾವುದು?

ಪುಸ್ತಕದ ಕ್ರಿಕೆಟ್ಟನ್ನು ಅರಿಯದ ಉಪಾಧ್ಯಾಯರು ನಮ್ಮಲ್ಲಿ ಇರಲಾರರು. ಮೇಷ್ಟರು ಕರಿಹಲಗೆಯ ಕಡೆಗೆ ತಿರುಗಿದೊಡನೆ ಹಿಂದಿನ ಬೆಂಚಿನಲ್ಲಿ ಪಠ್ಯಪುಸ್ತಕವೊಂದು ತೆರೆದುಕೊಳ್ಳುತ್ತದೆ. ಎಡಪುಟದ ಸಂಖ್ಯೆಯ ಕೊನೆಯ ಅಂಕಿಯೇ ಓಟ; ಸೊನ್ನೆ ಬಂದರೆ ಆಟಗಾರ ಔಟು. ಹಿಂದೂಪುರ, ಕಲ್ಯಾಣದುರ್ಗಗಳ ನಮ್ಮ ಕನ್ನಡ ಮಾಧ್ಯಮದ ಹುಡುಗರು ಈ ಆಟಕ್ಕೆ ತಂಡಗಳನ್ನು ಕಟ್ಟಿ, ಸರದಿ ಗೊತ್ತುಮಾಡಿ, ನೋಟುಪುಸ್ತಕದಲ್ಲಿ ಲೆಕ್ಕವಿಟ್ಟು, ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಶ್ರೇಷ್ಠರ ಹೆಸರುಗಳನ್ನು ಬರೆದಿಡಲು ಒಂದು ಕೀರ್ತಿಫಲಕ ಬೇಕೆಂಬುದು ಅವರ ಬಯಕೆ. ಬಯಕೆ ಹುಟ್ಟಿದೊಡನೆ ಜಗಳವೂ ಹುಟ್ಟಿದೆ. ಫಲಕದ ಮೇಲೆ ಯಾರ ಹೆಸರು? ಅದನ್ನು ಆರಿಸುವವರು ಯಾರು? ಯಾವ ಅಳತೆಯಿಂದ?

ಹಿರಿಯರು ಕೆಲವರು ಇದನ್ನು ಕೇಳಿ ನಕ್ಕರು. ನಾವು ನಗಲಾರೆವು. ಮನ್ನಣೆಯನ್ನು ಹೇಗೆ ಹಂಚಬೇಕೆಂಬುದನ್ನು ಮನುಷ್ಯನು ಕಲಿಯುವುದು ಆಟದಲ್ಲಿಯೇ. ಅಲ್ಲಿ ತಪ್ಪು ಕಲಿತವನು ಮುಂದೆ ಸಭೆ, ಸಂಘ, ಪ್ರಶಸ್ತಿಗಳ ಮುಂದೆ ಕುಳಿತಾಗಲೂ ಅದೇ ತಪ್ಪನ್ನು ಮಾಡುತ್ತಾನೆ. ಆದುದರಿಂದ ಹುಡುಗರ ಈ ವಾದವನ್ನು ನಾವು ಗಂಭೀರವಾಗಿಯೇ ಎತ್ತಿಕೊಳ್ಳುತ್ತೇವೆ.

ವಾದದಲ್ಲಿ ಮೂರು ಪಕ್ಷಗಳಿವೆ. ಹೆಚ್ಚು ಓಟ, ಹೆಚ್ಚು ಶತಕ ಯಾರ ಹೆಸರಿನಲ್ಲಿದೆಯೋ ಅವರೇ ಶ್ರೇಷ್ಠರು ಎನ್ನುವುದು ಅಂಕಿಪಕ್ಷ. ಎಲ್ಲರೂ ಕೈಯೆತ್ತಲಿ, ಹೆಚ್ಚು ಕೈಗಳು ಎದ್ದವನು ಗೆದ್ದ ಎನ್ನುವುದು ತಲೆಯೆಣಿಕೆಯ ಪಕ್ಷ. ಹಿಂದೂಪುರಕ್ಕೆ ಇಷ್ಟು, ಕಲ್ಯಾಣದುರ್ಗಕ್ಕೆ ಇಷ್ಟು ಎಂದು ಹೆಸರುಗಳನ್ನು ಮೊದಲೇ ಹಂಚಿಬಿಡೋಣ ಎನ್ನುವುದು ಪಾಲುಪಕ್ಷ. ಮೂರೂ ತಪ್ಪೆಂದು ನಾವು ಹೇಳುತ್ತೇವೆ. ಏಕೆ ತಪ್ಪೆಂಬುದನ್ನೂ ಹೇಳುವ ಹೊಣೆ ನಮ್ಮದು.

ಮೊದಲು ಅಂಕಿಪಕ್ಷ. ಗಣಿತದ ಮೇಷ್ಟರು ತರಗತಿಯಲ್ಲಿ ಒಮ್ಮೆ ಈ ಲೆಕ್ಕವನ್ನು ಮಾಡಿಸಬೇಕು. ಎಡಪುಟದ ಕೊನೆಯ ಅಂಕಿ ೦, ೨, ೪, ೬, ೮ ಇವುಗಳಲ್ಲಿ ಒಂದೇ ಆಗಬೇಕು. ಸೊನ್ನೆಗೆ ಔಟು, ಎರಡು, ನಾಲ್ಕು, ಆರಕ್ಕೆ ಅಷ್ಟೇ ಓಟ, ಎಂಟಕ್ಕೆ ಒಂದು ಓಟವೆಂಬ ಪದ್ಧತಿಯನ್ನು ಇಟ್ಟುಕೊಳ್ಳೋಣ. ಐದು ಸಲ ಪುಸ್ತಕ ತೆರೆದರೆ ಸರಾಸರಿಯಲ್ಲಿ ಒಮ್ಮೆ ಔಟು, ಉಳಿದ ನಾಲ್ಕರಲ್ಲಿ ೨+೪+೬+೧, ಅಂದರೆ ೧೩ ಓಟ. ಒಂದು ವಿಕೆಟ್ಟಿಗೆ ಹದಿಮೂರು! ಪುಸ್ತಕ ತೆರೆಯುವವನು ಗುಂಡಪ್ಪ ವಿಶ್ವನಾಥರ ಹೆಸರು ಬರೆದುಕೊಂಡಿದ್ದರೂ ೧೩. ಭಾಗವತ ಚಂದ್ರಶೇಖರರ ಹೆಸರು ಬರೆದುಕೊಂಡಿದ್ದರೂ ೧೩. ನಿಜದ ಮೈದಾನದಲ್ಲಿ ವಿಶ್ವನಾಥರು ೯೧ ಟೆಸ್ಟುಗಳಲ್ಲಿ ೬,೦೮೦ ಓಟ ಗಳಿಸಿದವರು. ಚಂದ್ರಶೇಖರರು ೫೮ ಟೆಸ್ಟುಗಳಲ್ಲಿ ೧೬೭ ಓಟ ಗಳಿಸಿ ೨೪೨ ವಿಕೆಟ್ಟುಗಳನ್ನು ಕಿತ್ತವರು. ಪುಟಗಳಿಗೆ ಈ ಭೇದ ತಿಳಿಯದು.

ಶತಕದ ಮಾತೂ ಹೀಗೆಯೇ. ನೂರು ಓಟ ಮುಟ್ಟಲು ಸೊನ್ನೆಯನ್ನು ತಪ್ಪಿಸಿಕೊಂಡು ಸುಮಾರು ಮೂವತ್ತೊಂದು ಸಲ ಪುಸ್ತಕ ತೆರೆಯಬೇಕು. ಐದರಲ್ಲಿ ನಾಲ್ಕು ಪಾಲು ಅವಕಾಶವನ್ನು ಮೂವತ್ತೊಂದು ಸಲ ಗುಣಿಸಿದರೆ ಸಾವಿರದಲ್ಲಿ ಒಂದರ ಆಸುಪಾಸಿಗೆ ಬರುತ್ತದೆ. ಎಲ್ಲ ಹುಡುಗರೂ ವರ್ಷವಿಡೀ ಆಡಿದರೆ ಯಾರಿಗೋ ಒಬ್ಬನಿಗೆ ಅದು ಒದಗಿಯೇ ಒದಗುತ್ತದೆ. ಅದು ಅದೃಷ್ಟ, ಅದೃಷ್ಟಕ್ಕೆ ಸಂತೋಷಪಡಬಹುದು, ಫಲಕ ಬರೆಯಬಾರದು. ಇನ್ನು ಅದೃಷ್ಟವೂ ಅಲ್ಲದ ಶತಕಗಳುಂಟು. ಆರು ಬರುವ ಪುಟದಲ್ಲಿ ಬೆನ್ನು ಮುರಿದ ಪುಸ್ತಕವು ಎಲ್ಲಿ ತೆರೆಯುವುದೆಂಬುದನ್ನು ಹುಡುಗರೇ ಬಲ್ಲರು. ನಾವು ವಿವರಿಸಬೇಕಾಗಿಲ್ಲ.

ಹಾಗಾದರೆ ನಿಜವಾದ ಆಟದಲ್ಲಿಯಾದರೂ ಅಂಕಿ ಸಾಕೆ? ಸಾಲದು. ೧೯೭೫ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸ್ ತಂಡದ ಆ್ಯಂಡಿ ರಾಬರ್ಟ್ಸನ ಬಿರುಸಿನ ಚೆಂಡುಗಳ ಮುಂದೆ ಭಾರತದ ಇಡೀ ತಂಡ ೧೯೦ಕ್ಕೆ ಉರುಳಿತು. ಅದರಲ್ಲಿ ವಿಶ್ವನಾಥರು ಔಟಾಗದೆ ಗಳಿಸಿದ್ದು ೯೭. ಪಂದ್ಯವನ್ನು ಭಾರತ ನೂರು ಓಟಗಳಿಂದ ಗೆದ್ದಿತು. ಶತಕಗಳನ್ನು ಮಾತ್ರ ಎಣಿಸುವ ಅಂಕಿಪಕ್ಷದ ಪಟ್ಟಿಯಲ್ಲಿ ಆ ೯೭ಕ್ಕೆ ಬೆಲೆ ಸೊನ್ನೆ! ಮತ್ತೊಂದು ಸಂಗತಿ. ೧೯೮೦ರಲ್ಲಿ ಮುಂಬಯಿಯ ಸ್ವರ್ಣ ಮಹೋತ್ಸವದ ಟೆಸ್ಟಿನಲ್ಲಿ ವಿಶ್ವನಾಥರು ನಾಯಕರು. ಇಂಗ್ಲೆಂಡಿನ ಬಾಬ್ ಟೇಲರ್ ಔಟೆಂದು ಅಂಪೈರರು ಬೆರಳೆತ್ತಿಯಾಗಿತ್ತು. ಔಟಲ್ಲವೆಂದು ಮನಗಂಡ ವಿಶ್ವನಾಥರು ಟೇಲರನನ್ನು ಮರಳಿ ಕರೆದರು. ಅವನು ನಿಂತ, ಜೊತೆಯ ಬಾಥಮ್ ಶತಕ ಹೊಡೆದ, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಅಂಕಿಗಳ ಪುಸ್ತಕದಲ್ಲಿ ಅದು ನಾಯಕನ ಹೆಸರಿಗೆ ಬಿದ್ದ ಒಂದು ಸೋಲು, ಅಷ್ಟೆ. ಆದರೆ ಕನ್ನಡನಾಡಿನಲ್ಲಿ ಆ ಹೆಸರನ್ನು ಜನ ಇಂದಿಗೂ ಪ್ರೀತಿಯಿಂದ ಹೇಳುವುದು ಯಾವ ಕಾರಣಕ್ಕೆ? ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿಯು ೨೦೦೯ರಲ್ಲಿ ಆರಂಭಿಸಿದ ಕೀರ್ತಿಮಂದಿರಕ್ಕೆ ಅನಿಲ್ ಕುಂಬ್ಳೆಯವರು ೨೦೧೫ರಲ್ಲಿ, ರಾಹುಲ್ ದ್ರಾವಿಡರು ೨೦೧೮ರಲ್ಲಿ ಸೇರಿದರು, ಯೋಗ್ಯರೇ ಸೇರಿದರು. ೨೦೨೫ರ ಪಟ್ಟಿಯವರೆಗೆ ವಿಶ್ವನಾಥರಾಗಲಿ, ಚಂದ್ರಶೇಖರರಾಗಲಿ ಅಲ್ಲಿಲ್ಲ. ೧೯೭೧ರಲ್ಲಿ ಓವಲ್ ಮೈದಾನದಲ್ಲಿ ೩೮ ಓಟ ಕೊಟ್ಟು ಆರು ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ಕಾರಣವಾದದ್ದು ಪೋಲಿಯೋದಿಂದ ಸೊರಗಿದ ಚಂದ್ರಶೇಖರರ ಬಲಗೈ. ದೊಡ್ಡ ಮಂದಿರಗಳ ಬಾಗಿಲಲ್ಲಿಯೂ ಅಳತೆಗೋಲು ಗಿಡ್ಡವಾಗುವುದುಂಟೆಂದು ಇದರಿಂದ ತಿಳಿಯಬೇಕು.

ಇನ್ನು ತಲೆಯೆಣಿಕೆಯ ಪಕ್ಷ. ಇದರ ವಿಷಯದಲ್ಲಿ ಮಾತಾಡಲು ನಮಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ? ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಯೊಡನೆ ನಮ್ಮ ಊರುಗಳೂ ಆ ರಾಜ್ಯಕ್ಕೆ ಸೇರಿದವು. ಅಂದಿನಿಂದ ನಾವು ಎಣಿಕೆಯಲ್ಲಿ ಕಡಮೆಯವರು. ತೆಲುಗು ಬಾಂಧವರೊಡನೆ ನಮಗೆ ಜಗಳವಿಲ್ಲ. ಅವರ ಅನ್ನ, ನಮ್ಮ ಅನ್ನ ಒಂದೇ ನೆಲದ್ದು. ಆದರೆ ಕೈಯೆಣಿಸಿ ಯೋಗ್ಯತೆಯನ್ನು ತೀರ್ಮಾನಿಸುವುದಾದರೆ ಕಡಮೆ ಜನರ ಮಾತಿನಲ್ಲಿ ಬರೆದ ಕವಿಗೆ, ಕಲಿಸಿದ ಗುರುವಿಗೆ ಎಂದಿಗಾದರೂ ಸರದಿ ಬಂದೀತೆ? ನಮಗೆ ಒಪ್ಪಿಗೆಯಾಗದ ನ್ಯಾಯವನ್ನು ನಮ್ಮ ಹುಡುಗರು ತಮ್ಮೊಳಗೆ ತಾವೇ ನಡೆಸುವುದೆ? ಹಿಂದೂಪುರದಲ್ಲಿ ಆಡುವವರು ಹೆಚ್ಚಾಗಿದ್ದರೆ ಕಲ್ಯಾಣದುರ್ಗದವರು ಪ್ರತಿ ವರ್ಷವೂ ಸೋಲಬೇಕೆ?

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ನಾವು ಬದುಕಿರುವುದೇ ಎಣಿಕೆಯ ಮೇಲಲ್ಲವೆ ಎಂದು ಯಾರಾದರೂ ಕೇಳಬಹುದು. ಹೌದು. ತರಗತಿಯಲ್ಲಿ ಹತ್ತು ಮಕ್ಕಳು ಅಥವಾ ಶಾಲೆಯಲ್ಲಿ ನಲವತ್ತು ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಏರ್ಪಾಡು ಮಾಡಬೇಕೆಂದು ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ೧೯೪೯ರಲ್ಲಿ ನಿರ್ಣಯಿಸಿತು. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಈ ಹೊಣೆಯನ್ನು ರಾಜ್ಯಗಳ ಮೇಲೆ ಇರಿಸಿತು. ಆ ಹತ್ತನೆಯ ಮಗುವನ್ನು ಹುಡುಕಿಕೊಂಡು ಜೂನ್ ತಿಂಗಳಲ್ಲಿ ಮನೆಮನೆ ಅಲೆಯುವುದೆಂದರೇನೆಂದು ನಮ್ಮ ಉಪಾಧ್ಯಾಯ ಮಿತ್ರರಿಗೆ ಗೊತ್ತು. ಆದರೆ ಭೇದವನ್ನು ನೋಡಿರಿ. ಹತ್ತು ಎಂಬ ಸಂಖ್ಯೆ ಬಾಗಿಲು ತೆರೆಯುತ್ತದೆ. ಒಳಗೆ ಬಂದ ಮಗುವಿನ ಯೋಗ್ಯತೆಯನ್ನು ಅದು ಅಳೆಯುವುದಿಲ್ಲ. ಹಕ್ಕಿಗೆ ಸಂಖ್ಯೆ ಬೇಕಾಗಬಹುದು. ಹಿರಿಮೆಗೆ ಸಂಖ್ಯೆ ಸಾಕ್ಷಿಯಲ್ಲ. ಈ ಎರಡನ್ನೂ ಕಲಸಿದ್ದೇ ತಲೆಯೆಣಿಕೆಯವರ ತಪ್ಪು.

ಪಾಲುಪಕ್ಷದವರು ಒಳ್ಳೆಯ ಮನಸ್ಸಿನವರು. ಒಂದೇ ಜಿಲ್ಲೆಯಲ್ಲಿದ್ದ ಈ ಎರಡು ಊರುಗಳು ೨೦೨೨ರಿಂದ ಬೇರೆ ಬೇರೆ ಜಿಲ್ಲೆಗಳಾಗಿವೆ. ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿ ಉಳಿಯಿತು. ಮನಸ್ಸುಗಳೂ ಬೇರೆಯಾಗದಿರಲೆಂಬ ಅವರ ಆತಂಕ ನಮಗೂ ಇದೆ. ಆದರೆ ಪಾಲಿನಿಂದ ದೊರೆತ ಹೆಸರಿಗೆ ಪಾಲಿನ ಬೆಲೆಯೇ. ಆ ಹುಡುಗನು ಫಲಕದ ಕೆಳಗೆ ನಿಂತಾಗ, 'ನಮ್ಮೂರಿನ ಸರದಿ ಬಂದಿತ್ತು, ಅದಕ್ಕೆ ನಿನ್ನ ಹೆಸರು' ಎಂದು ಗೆಳೆಯರು ಅಂದರೆ ಅವನು ಏನು ಉತ್ತರ ಕೊಟ್ಟಾನು? ಹೆಸರಿನಲ್ಲಿ ಪಾಲು ಬೇಡ. ಆರಿಸುವ ಅಧಿಕಾರದಲ್ಲಿ ಸಮಪಾಲು ಇರಲಿ. ಎರಡೂ ಊರುಗಳಿಂದ ಅಷ್ಟಷ್ಟೇ ಮತದಾರರು ಕೂಡಲಿ.

ಈ ಮಾತಿನಲ್ಲಿ ಅಮೆರಿಕದವರಿಂದ ಕಲಿಯಬೇಕಾದದ್ದು ಕೆಲವಿದೆ. ಅಲ್ಲಿಯೂ ಬೇಸ್‌ಬಾಲ್ ಆಟವನ್ನು ಚೀಟಿ, ದಾಳಗಳಿಂದ ಮನೆಯೊಳಗೆ ಆಡುವವರಿದ್ದಾರೆ. ತಮ್ಮ ಕಲ್ಪನೆಯ ಆಟಗಾರರಿಗೆ ಕೀರ್ತಿಮಂದಿರಗಳನ್ನು ಕಟ್ಟಿ ಬಿಸಿಬಿಸಿಯಾಗಿ ವಾದಿಸುತ್ತಾರೆ. ಅವರ ನಿಜವಾದ ಕೀರ್ತಿಮಂದಿರ ಇರುವುದು ಕೂಪರ್ಸ್‌ಟೌನ್ ಎಂಬ ಊರಿನಲ್ಲಿ. ಅಲ್ಲಿಗೆ ಲೇಖಕರ ಮತದಿಂದ ಸೇರಬೇಕಾದವನು ಹತ್ತು ವರ್ಷ ಆಡಿರಬೇಕು, ಆಟ ಬಿಟ್ಟು ಐದು ವರ್ಷ ಕಳೆದಿರಬೇಕು. ಮತ ಹಾಕುವವರು ವರ್ಷಗಟ್ಟಲೆ ಪಂದ್ಯಗಳನ್ನು ಕಂಡು ಬರೆದ ಪತ್ರಿಕಾ ಲೇಖಕರು. ನೂರಕ್ಕೆ ಎಪ್ಪತ್ತೈದು ಮತ ಬಿದ್ದರೆ ಮಾತ್ರ ಪ್ರವೇಶ. ೧೯೩೬ರ ಮೊದಲ ಆಯ್ಕೆಯಲ್ಲಿ ೨೨೬ ಮಂದಿ ಮತ ಹಾಕಿದರು; ಟೈ ಕಾಬ್ ಎಂಬವನಿಗೆ ೨೨೨ ಮತಗಳು ಬಂದವು; ಒಟ್ಟು ಐವರೇ ಆಯ್ಕೆಯಾದರು. ೫೧೧ ಪಂದ್ಯಗಳ ಗೆಲುವು ತನ್ನ ಹೆಸರಿನಲ್ಲಿದ್ದ ಸೈ ಯಂಗ್ ಆ ವರ್ಷ ಹೊರಗುಳಿದ! ಮರುವರ್ಷ ಒಳಗೆ ಬಂದ. ಮುಕ್ಕಾಲು ಪಾಲೆಂಬ ಕಟ್ಟಳೆ ಬಿಗಿಯಾದದ್ದು. ಆದರೆ ಇಂದು ಸೋತವನ ಹೆಸರನ್ನು ಅದು ನಾಳೆಗೂ ಉಳಿಸಿಕೊಳ್ಳುತ್ತದೆ. ನೂರಕ್ಕೆ ಐದು ಮತ ಬಂದರೂ ಹೆಸರು ಮರುವರ್ಷದ ಪಟ್ಟಿಯಲ್ಲಿರುತ್ತದೆ. ಬಿಗಿಯೂ ತಾಳ್ಮೆಯೂ ಒಟ್ಟಿಗಿರುವ ಈ ಪದ್ಧತಿ ನಮಗೆ ಮೆಚ್ಚಿಕೆಯಾಗಿದೆ.

ಆದರೆ ಪಾಠ ಕಲಿಯಲು ಕಡಲು ದಾಟಲೇಬೇಕೆ? ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಮಡಕಶಿರದ ಸೀಮೆಯಲ್ಲಿಯೇ ಇದೆ. ಕನ್ನಡ ನುಡಿಯ ನೆಲದ ತುಂಬ ನಮ್ಮ ಹಿರಿಯರು ನಿಲ್ಲಿಸಿದ ವೀರಗಲ್ಲುಗಳಿವೆ. ಅವರು ಕಲ್ಲು ನಿಲ್ಲಿಸಿದ್ದು ಎಷ್ಟು ಕಾಳಗ ಮಾಡಿದನೆಂದು ಎಣಿಸಿಯಲ್ಲ. ಊರ ತುರುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಅಡ್ಡ ನಿಂತು ಮಡಿದನೆ? ಕಲ್ಲು ನಿಂತಿತು. ಒಂದೇ ದಿನದ ಒಂದೇ ಕೆಲಸಕ್ಕೆ! ಆ ಕಲ್ಲುಗಳ ಬರಹವನ್ನು ಗಮನಿಸಿರಿ. ಬರಿಯ ಹೆಸರನ್ನು ಕೊರೆದು ಬಿಟ್ಟಿಲ್ಲ. ಯಾರು, ಎಲ್ಲಿ, ಏತಕ್ಕಾಗಿ ಎಂಬುದನ್ನು ಕೊರೆದಿದ್ದಾರೆ. ಮನ್ನಣೆಗೆ ಕಾರಣ ಬರೆಯಬೇಕೆಂಬ ಧರ್ಮವನ್ನು ನಮಗೆ ಆ ಕಲ್ಲುಗಳೇ ಕಲಿಸುತ್ತಿವೆ. ಕಾರಣ ಬರೆಯಲಾಗದ ಮನ್ನಣೆ ಮನ್ನಣೆಯಲ್ಲ, ಮುಲಾಜು.

ಇಷ್ಟಾದ ಮೇಲೆ ಮೂಲ ಪ್ರಶ್ನೆಗೆ ಬರೋಣ. ಎಲ್ಲರ ಸರಾಸರಿಯೂ ಹದಿಮೂರೇ ಆಗಿರುವ ಆಟದಲ್ಲಿ ಶ್ರೇಷ್ಠನಾರು? ಅಂಕಿಯಲ್ಲಿ ಎಲ್ಲರೂ ಸಮರು. ಹಾಗಾದರೆ ಭೇದವಿರುವುದು ನಡತೆಯಲ್ಲಿ. ತನ್ನ ಬೆರಳಿಗೆ ಸೊನ್ನೆಯ ಪುಟ ಸಿಕ್ಕಾಗ, ಎದುರಾಳಿ ನೋಡದಿದ್ದರೂ 'ಔಟು' ಎಂದು ತಾನೇ ಹೇಳಿದವನು ಶ್ರೇಷ್ಠ. ತಂಡ ಸೋಲುತ್ತಿದ್ದಾಗಲೂ ನೋಟುಪುಸ್ತಕದಲ್ಲಿ ಒಂದು ಓಟವನ್ನೂ ಕೂಡಿಸದೆ ಕಳೆಯದೆ ಲೆಕ್ಕ ಬರೆದವನು ಶ್ರೇಷ್ಠ. ಆರಂಕಿ ಹೊಡೆದವನ ಹೆಸರಿಗಿಂತ ಸೊನ್ನೆಯನ್ನು ಒಪ್ಪಿಕೊಂಡವನ ಹೆಸರು ಆ ಫಲಕದ ಮೇಲೆ ಮೊದಲು ಬರಲಿ. ಟೇಲರನನ್ನು ಮರಳಿ ಕರೆದ ನಾಯಕನ ಮಾರ್ಗ ಅದೇ.

ಆದುದರಿಂದ ನಾವು ಸೂಚಿಸುವ ಕಟ್ಟಳೆಗಳು ಇವು. ಎರಡೂ ಊರುಗಳಿಂದ ಸಮಸಂಖ್ಯೆಯ ಮತದಾರರಿರಲಿ. ಅವರು ಇಡೀ ವರ್ಷದ ಆಟವನ್ನು ಕಂಡವರಾಗಿರಲಿ. ಅಂದಿನ ವರ್ಷ ಆಡುತ್ತಿರುವವನ ಹೆಸರು ಬೇಡ. ಶಾಲೆ ಬಿಟ್ಟು ಹೋದವನ ಹೆಸರನ್ನು ಮಾತ್ರ ಎತ್ತಿಕೊಳ್ಳಲಿ. ಗೆಳೆತನವೂ ಹಗೆತನವೂ ಆರಲು ಅಷ್ಟು ಕಾಲ ಬೇಕು. ಪ್ರತಿ ಮತದ ಜೊತೆಗೆ ಎರಡು ಸಾಲಿನ ಕಾರಣವನ್ನು ಒಳ್ಳೆಯ ಕನ್ನಡದಲ್ಲಿ ಬರೆದು, ಕೆಳಗೆ ತನ್ನ ಹೆಸರು ಹಾಕಲಿ. ಮುಕ್ಕಾಲು ಪಾಲು ಮತ ಬಾರದೆ ಯಾರ ಹೆಸರೂ ಫಲಕ ಹತ್ತದಿರಲಿ. ಯಾರೂ ಹತ್ತದ ವರ್ಷ ಬರಿದಾಗಿಯೇ ಉಳಿಯಲಿ. ಸೋತ ಹೆಸರನ್ನು ಅಳಿಸದೆ ಮುಂದಿನ ವರ್ಷಕ್ಕೆ ಕಾದಿರಿಸಲಿ.

ಆಟಕ್ಕೆ ಇಷ್ಟು ಕಟ್ಟಳೆಯೆ ಎಂದು ಮತ್ತೆ ನಗುವವರಿದ್ದರೆ ಅವರನ್ನು ನಾವು ಒಂದು ಮಾತು ಕೇಳುತ್ತೇವೆ. ದೊಡ್ಡವರ ಸಭೆಗಳಲ್ಲಿ ಶಾಲು ಹೊದಿಸುವಾಗ, ಹಾರ ಹಾಕುವಾಗ, ಇವುಗಳಲ್ಲಿ ಒಂದು ಕಟ್ಟಳೆಯನ್ನಾದರೂ ತಾವು ಪಾಲಿಸುತ್ತಿದ್ದೀರಾ? ಕಾರಣ ಬರೆದು ಸಹಿ ಹಾಕುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗಿದೆ? ನಮಗೆ ಬಾರದ ವಿದ್ಯೆ ನಮ್ಮ ಮಕ್ಕಳಿಗೆ ಬಂದರೆ ನಷ್ಟವೇನು? ಎಣಿಕೆಯಲ್ಲಿ ಕಡಮೆಯಾದವರು ತೂಕದಲ್ಲಿ ಕಡಮೆಯಾಗಬಾರದು. ಆ ತೂಕವನ್ನು ಕಾಯುವ ತಕ್ಕಡಿ ಹಿಂದಿನ ಬೆಂಚಿನ ಹುಡುಗರ ಕೈಗೆ ಬಂದಿದೆ. ಮೇಷ್ಟರುಗಳೇ, ನೋಟುಪುಸ್ತಕವನ್ನು ಕಸಿದುಕೊಳ್ಳಬೇಡಿರಿ. ಪಾಠದ ಹೊತ್ತು ಮುಗಿಯಲಿ, ಆಮೇಲೆ ಅದನ್ನು ತೆಗೆಸಿ, ಲೆಕ್ಕ ಸರಿಯಾಗಿದೆಯೇ ಎಂದು ಅವರೊಡನೆ ಕುಳಿತು ನೋಡಿರಿ.