ಉರುಳುವ ಮನೆಯ ಕೊಳಾಯಿ

1969ರ ಜುಲೈನಲ್ಲಿ ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಮತ್ತು ಕಾಲಿನ್ಸ್ ಅವರನ್ನು ಹಡಗಿಗೆ ಕರೆತಂದ ಕೂಡಲೇ ಒಂದು ಬೆಳ್ಳಿಬಣ್ಣದ ಡಬ್ಬಿಯೊಳಗೆ ಕೂಡಿಹಾಕಲಾಯಿತು. ಚಂದ್ರನ ರೋಗಾಣುಗಳೇನಾದರೂ ಅಂಟಿಕೊಂಡು ಬಂದಿದ್ದರೆ ಎಂಬ ಭಯ! ಕಿಟಕಿಯಾಚೆ ನಿಂತು ಅಧ್ಯಕ್ಷ ನಿಕ್ಸನ್ ಅವರನ್ನು ಮಾತನಾಡಿಸಿದ ಚಿತ್ರ ಜಗತ್ಪ್ರಸಿದ್ಧ. ಆ ಡಬ್ಬಿ ಬೇರೇನಲ್ಲ, ಅಮೆರಿಕನ್ನರು ರಜೆಯಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ‘ಏರ್‌ಸ್ಟ್ರೀಮ್’ ಟ್ರೈಲರಿನ ಮಾರ್ಪಾಟು.

ಈ ಟ್ರೈಲರುಗಳ ಜನಕ ವಾಲಿ ಬಯಾಮ್. ಅಲ್ಯೂಮಿನಿಯಂ ತಗಡುಗಳನ್ನು ವಿಮಾನದಂತೆ ರಿವೆಟ್ ಹೊಡೆದು ಜೋಡಿಸಿದ ‘ಕ್ಲಿಪ್ಪರ್’ ಎಂಬ ಮಾದರಿಯನ್ನು ಆತ 1936ರಲ್ಲಿ ಹೊರತಂದ. ಮಲಗಲು ಹಾಸಿಗೆ, ವಿದ್ಯುದ್ದೀಪ, ತನ್ನದೇ ನೀರಿನ ತೊಟ್ಟಿ ಎಲ್ಲವೂ ಅದರಲ್ಲಿದ್ದವು. ಹಳೆಯ ಟ್ರೈಲರುಗಳನ್ನು ಕೊಂಡು ತಂದು, ಹಿತ್ತಲಲ್ಲಿ ನಿಲ್ಲಿಸಿ, ಅಪ್ಪ ಅಮ್ಮ ಮಕ್ಕಳೆಲ್ಲ ಸೇರಿ ಜೀರ್ಣೋದ್ಧಾರ ಮಾಡುವುದು ಇಂದು ಅಲ್ಲಿ ದೊಡ್ಡ ಹವ್ಯಾಸ. ಬಣ್ಣ, ಪರದೆ, ಮೆತ್ತೆಗಳ ಆಯ್ಕೆಯಲ್ಲಿ ಎಲ್ಲರಿಗೂ ಉತ್ಸಾಹ. ಆದರೆ ಆ ಮನೆ ಹತ್ತು ವರ್ಷ ಬಾಳುತ್ತದೆಯೋ ಎರಡೇ ವರ್ಷದಲ್ಲಿ ಕೊಳೆಯುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಯಾರ ಕಣ್ಣಿಗೂ ಬೀಳದ ಒಂದು ವಸ್ತು. ಅದು ಗೋಡೆಯ ಹಿಂದಿನ ಕೊಳವೆಯ ಜಾಯಿಂಟು.

ಏಕೆಂದರೆ ಈ ಟ್ರೈಲರುಗಳ ನೆಲ ಪ್ಲೈವುಡ್ಡಿನದು. ಜಾಯಿಂಟಿನಿಂದ ನಿಮಿಷಕ್ಕೊಂದು ಹನಿ ಜಿನುಗಿದರೂ ಸಾಕು, ಪ್ಲೈವುಡ್ ಮೆಲ್ಲಗೆ ಕೊಳೆಯುತ್ತದೆ. ಅದರ ಕೆಳಗಿನ ಕಬ್ಬಿಣದ ಚೌಕಟ್ಟು ತುಕ್ಕು ಹಿಡಿಯುತ್ತದೆ. ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ನೆಲವನ್ನೇ ಕಿತ್ತು ಹಾಕಬೇಕಾದ ಪರಿಸ್ಥಿತಿ. ಮನೆಯ ಕೊಳಾಯಿ ಕದಲದೆ ನಿಂತಿರುತ್ತದೆ. ಟ್ರೈಲರಿನ ಕೊಳಾಯಿಯಾದರೋ ನೂರಾರು ಮೈಲಿ ಕುಲುಕಾಡುತ್ತ ಸಾಗುತ್ತದೆ. ಇಲ್ಲಿರುವುದು ಅದೇ ವ್ಯತ್ಯಾಸ.

ಹಳೆಯ ಟ್ರೈಲರುಗಳಲ್ಲಿ ಸಾಮಾನ್ಯವಾಗಿ ಸಿಗುವುದು ತಾಮ್ರದ ಕೊಳವೆ. ತಾಮ್ರ ಒಳ್ಳೆಯದೇ. ತೊಂದರೆ ಇರುವುದು ಅದರ ಬೆಸುಗೆಯಲ್ಲಿ. ಹಿಂದೆ ಬೆಸುಗೆಗೆ ಸೀಸ ಮತ್ತು ತವರ ಸಮಸಮ ಬೆರೆಸುತ್ತಿದ್ದರು. ಸೀಸ ಸ್ವಲ್ಪ ಸ್ವಲ್ಪವೇ ನೀರಿಗಿಳಿಯುತ್ತದೆ ಮತ್ತು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಅದಕ್ಕಾಗಿಯೇ ಅಮೆರಿಕ 1986ರಲ್ಲಿ ಕುಡಿಯುವ ನೀರಿನ ಕೊಳಾಯಿಗಳ ಬೆಸುಗೆಯಲ್ಲಿ ಸೀಸ ಶೇ. 0.2ಕ್ಕಿಂತ ಹೆಚ್ಚಿರಬಾರದೆಂದು ಕಾನೂನು ಮಾಡಿತು. ಅದಕ್ಕೂ ಹಿಂದಿನ ಟ್ರೈಲರ್ ಆದರೆ ಹಳೆಯ ಬೆಸುಗೆಯನ್ನು ನಂಬದೆ ಕೊಳವೆಗಳನ್ನೇ ಬದಲಿಸುವುದು ಜಾಣತನ.

ಅನಂತರ ಬಂದದ್ದು ಪಾಲಿಬ್ಯೂಟಿಲೀನ್ ಎಂಬ ಬೂದುಬಣ್ಣದ ಪ್ಲಾಸ್ಟಿಕ್. ಅಗ್ಗ, ಹಗುರ, ಬಾಗಿಸಲು ಸುಲಭ. 1970ರ ದಶಕದ ಕೊನೆಯಿಂದ ಮನೆ, ಟ್ರೈಲರು ಎರಡರಲ್ಲೂ ಹಾಕಿದರು. ಆದರೆ ನಲ್ಲಿ ನೀರಿನ ಕ್ಲೋರಿನ್ನಿನಿಂದ ಕೊಳವೆಯೂ ಅದರ ಪ್ಲಾಸ್ಟಿಕ್ ಜಾಯಿಂಟುಗಳೂ ಒಳಗಿನಿಂದ ಬಿರುಕುಬಿಟ್ಟವು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ 1995ರಲ್ಲಿ 95 ಕೋಟಿ ಡಾಲರಿನ ಪರಿಹಾರಕ್ಕೆ ಒಪ್ಪಂದವಾಯಿತು. ಅಗ್ಗದ ಮಾಲಿಗೆ ತೆತ್ತ ಬೆಲೆ ಇದು!

ಈಗ ಹೆಚ್ಚಿನವರು ಆರಿಸುವುದು ‘ಪೆಕ್ಸ್’ ಕೊಳವೆಯನ್ನು. ಇದೂ ಪಾಲಿಥೀನೇ, ಆದರೆ ಇದರ ಉದ್ದುದ್ದ ಅಣುಸರಪಳಿಗಳನ್ನು ಅಡ್ಡಡ್ಡ ಕೊಂಡಿ ಹಾಕಿ ಕಟ್ಟಿರುತ್ತಾರೆ. ಬಿಡಿ ದಾರಗಳಿಗೂ ಹೆಣೆದ ಬಲೆಗೂ ಇರುವ ವ್ಯತ್ಯಾಸವೇ ಇದು. ಹಾಗಾಗಿ ಬಿಸಿನೀರಿಗೂ ಇದು ಜಗ್ಗುವುದಿಲ್ಲ. ಗಟ್ಟಿ ಕೊಳವೆಯಂತೆ ಮೂಲೆಮೂಲೆಗೂ ಮೊಣಕೈ ತುಂಡು ಬೇಕಿಲ್ಲ, ಬಾಗಿಸಿಕೊಂಡೇ ಹೋಗಬಹುದು. ಜಾಯಿಂಟು ಕಡಿಮೆಯಾದಷ್ಟೂ ಸೋರುವ ಜಾಗವೂ ಕಡಿಮೆ ಅಲ್ಲವೆ? ಬಿಸಿಲು ಮಾತ್ರ ಇದಕ್ಕೆ ಶತ್ರು. ಅತಿನೇರಳೆ ಕಿರಣ ತಾಕುವಲ್ಲಿ ಮುಚ್ಚಿಡಬೇಕು.

ಇನ್ನು ಜೋಡಿಸುವ ಬಗೆಗಳು. ಮೊದಲನೆಯದು, ತಾಮ್ರದ ಬಳೆಯನ್ನು ಕೊಳವೆಗೆ ತೊಡಿಸಿ, ಹಿತ್ತಾಳೆಯ ಜಾಯಿಂಟಿನ ಮೇಲೆ ಇಕ್ಕಳದಿಂದ ಸುತ್ತಲೂ ಅಮುಕುವುದು. ಅಗ್ಗ, ಬಹುಕಾಲ ಬಾಳುತ್ತದೆ. ಆದರೆ ಉದ್ದ ಹಿಡಿಯ ಆ ಇಕ್ಕಳ ಸಿಂಕಿನ ಕೆಳಗಿನ ಗೂಡಿನಲ್ಲಿ ತಿರುಗುವುದಿಲ್ಲ. ಅಂಥಲ್ಲಿ ಎರಡನೆಯ ಬಗೆ ಉತ್ತಮ. ಇದರಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಯ ಕಿವಿಯನ್ನು ಮಾತ್ರ ಹಿಂಡಿದರೆ ಸಾಕು. ಮೂರನೆಯದು ಸುಮ್ಮನೆ ಒತ್ತಿ ಸೇರಿಸುವುದು. ಒಳಗಿರುವ ಉಕ್ಕಿನ ಹಲ್ಲುಗಳು ಕೊಳವೆಯನ್ನು ಕಚ್ಚಿ ಹಿಡಿದರೆ ರಬ್ಬರ್ ಉಂಗುರ ನೀರನ್ನು ತಡೆಯುತ್ತದೆ. ವಿಶೇಷ ಸಲಕರಣೆ ಬೇಡ. ಆದರೆ ಬೆಲೆ ಹಲವು ಪಟ್ಟು. ಕೊಳವೆಯ ತುದಿಯನ್ನು ನೇರವಾಗಿ ಕತ್ತರಿಸದಿದ್ದರೆ ಅಥವಾ ಮೈಯಲ್ಲಿ ಗೀರಿದ್ದರೆ ಸೋರುವುದು ಖಂಡಿತ. ಆದ್ದರಿಂದ ಮುಚ್ಚಿಹೋಗುವ ಗೋಡೆಯೊಳಗೆ ಮೊದಲೆರಡು ಬಗೆ, ಕೈಗೆಟುಕುವ, ಮುಂದೆ ಬಿಚ್ಚಬೇಕಾಗುವ ಜಾಗಕ್ಕೆ ಮೂರನೆಯದು ಎಂಬುದು ಒಳ್ಳೆಯ ಸೂತ್ರ.

ಇಷ್ಟೆಲ್ಲ ತಿಳಿದೂ ಜನ ಎಡವುವುದು ಅಳತೆಯಲ್ಲಿ. ‘ಅರ್ಧ ಇಂಚು’ ಎಂದು ಮಾರುವ ನಲ್ಲಿ ನೀರಿನ ತಾಮ್ರದ ಕೊಳವೆಯ ಹೊರವ್ಯಾಸ ಅರ್ಧ ಇಂಚಲ್ಲ, 15.9 ಮಿಲಿಮೀಟರ್. ಪೆಕ್ಸ್ ಕೂಡ ಅಷ್ಟೇ. ಆದರೆ ಫ್ರಿಜ್ ರಿಪೇರಿಯವರು ಬಳಸುವ ‘ಅರ್ಧ ಇಂಚು’ ತಾಮ್ರದ ಹೊರವ್ಯಾಸ ನಿಜಕ್ಕೂ ಅರ್ಧ ಇಂಚೇ, ಅಂದರೆ 12.7 ಮಿಲಿಮೀಟರ್. ಹೆಸರು ಒಂದೇ, ಗಾತ್ರ ಬೇರೆ! ಪ್ರಯೋಗಶಾಲೆಯಲ್ಲಿ ಅಂಕಕ್ಕಾಗಿ ಮಾತ್ರ ಕೈಗೆತ್ತಿಕೊಳ್ಳುವ ವರ್ನಿಯರ್ ಕ್ಯಾಲಿಪರ್ಸ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ.

ಮರೆಯ ಕೊರಳಿನಲ್ಲಿ ಇನ್ನೊಂದು ಮೋಸವಿದೆ. ಅಮೆರಿಕದ ಕೊಳವೆಮರೆಯ ಹಲ್ಲಿನ ಕೋನ 60 ಡಿಗ್ರಿ. ಬ್ರಿಟಿಷರಿಂದ ನಮಗೆ ಬಂದದ್ದು 55 ಡಿಗ್ರಿ. ಅರ್ಧ ಇಂಚಿನ ಅಳತೆಯಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು. ಹೀಗಾಗಿ ಬೆಂಗಳೂರಿನಿಂದ ಪ್ರೀತಿಯಿಂದ ಒಯ್ದ ಹಿತ್ತಾಳೆ ನಲ್ಲಿ ಅಲ್ಲಿನ ಜಾಯಿಂಟಿಗೆ ಒಂದೆರಡು ಸುತ್ತು ಸಲೀಸಾಗಿ ಹತ್ತಿ, ಹೊಂದಿತೆಂಬ ಭ್ರಮೆ ಹುಟ್ಟಿಸುತ್ತದೆ. ಎಷ್ಟು ಟೆಫ್ಲಾನ್ ಟೇಪು ಸುತ್ತಿದರೂ ಅದನ್ನು ನಂಬುವಂತಿಲ್ಲ.

ಚಳಿಗಾಲವೂ ಒಂದು ಪರೀಕ್ಷೆಯೇ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕ ನೀರಿಗೆ ಹೋಗಲು ದಾರಿಯಿಲ್ಲ. ಒತ್ತಡ ಏರಿ ತಾಮ್ರ ಸೀಳುತ್ತದೆ. ಪೆಕ್ಸ್ ಕೊಂಚ ಹಿಗ್ಗಿ ತಾಳಿಕೊಳ್ಳಬಹುದು, ಆದರೆ ಜಾಯಿಂಟು ಹಿಗ್ಗುವುದಿಲ್ಲ. ಆದ್ದರಿಂದ ಹಿಮ ಬೀಳುವ ಮುನ್ನ ನೀರನ್ನೆಲ್ಲ ಬಸಿದು ತೆಗೆಯಲೇಬೇಕು. ಎಲ್ಲಕ್ಕಿಂತ ಕೆಳಗಿನ ಜಾಗದಲ್ಲಿ ಬಸಿಯುವ ನಲ್ಲಿಯೊಂದನ್ನು ಇಡುವುದು ಅದಕ್ಕಾಗಿಯೇ.

ಕೊನೆಯದು, ಮುಖ್ಯವಾದದ್ದು. ಒಳಗಿನ ತಗಡು ಮುಚ್ಚುವ ಮುನ್ನ ಕೊಳಾಯಿಯಲ್ಲಿ ಒತ್ತಡ ತುಂಬಿ, ಮಾಪಕ ಹಾಕಿ, ಒಂದು ರಾತ್ರಿ ಬಿಡಬೇಕು. ಟ್ರೈಲರಿನ ಚಿಕ್ಕ ಪಂಪು ಚದರ ಇಂಚಿಗೆ ಸುಮಾರು 45 ಪೌಂಡ್ ಒತ್ತಡ ಕೊಡಬಲ್ಲದು. ಅಂದರೆ ಮೂವತ್ತು ಮೀಟರ್ ಎತ್ತರದ ತೊಟ್ಟಿಯಿಂದ ಇಳಿದ ನೀರಿನ ಒತ್ತಡ! ಬೆಳಿಗ್ಗೆ ಮಾಪಕದ ಮುಳ್ಳು ಇಳಿದಿದ್ದರೆ ಬೇಸರ ಬೇಡ. ಈಗ ಸಿಕ್ಕ ತಪ್ಪಿಗೆ ತಗಲುವುದು ಒಂದು ಬಳೆಯ ಬೆಲೆ. ಮುಚ್ಚಿದ ಮೇಲೆ ಸಿಕ್ಕರೆ ಇಡೀ ನೆಲದ ಬೆಲೆ.

ಮಕ್ಕಳು ಈ ಭಾನುವಾರ ಒಂದು ಕೆಲಸ ಮಾಡಬಹುದು. ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು, ಒಂದು ಗಂಟೆ ಬಿಟ್ಟು ಮತ್ತೆ ನೋಡಲಿ. ತೊಟ್ಟಿ ತುಂಬುತ್ತಿರುವ ಹೊತ್ತು ಮಾತ್ರ ಬೇಡ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಒಂದು ಕಡೆ ನೀರು ಸದ್ದಿಲ್ಲದೆ ಸೋರುತ್ತಿದೆ ಎಂದು ಅರ್ಥ; ಅದು ಯಾವುದೋ ಗೋಡೆಯ ಹಿಂದಿನ ಜಾಯಿಂಟೂ ಇರಬಹುದು. ಅಪ್ಪನಿಗೆ ಆ ಸುದ್ದಿ ಮುಟ್ಟಿಸಲು ತಡಮಾಡಬಾರದು.