ಹಳೆಯ ಕನ್ಸೋಲನ್ನು ಅಂಗಡಿಗೆ ಯಾಕೆ ಕೊಡಬೇಕು?

ಹೊಸ ಪ್ಲೇಸ್ಟೇಷನ್ ಕೊಳ್ಳುವ ಆಸೆ ಹುಟ್ಟಿದ ದಿನವೇ ಹಳೆಯದನ್ನು ಏನು ಮಾಡುವುದು ಎಂಬ ಪ್ರಶ್ನೆಯೂ ಹುಟ್ಟುತ್ತದೆ. ಅಂಗಡಿಗೆ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದರ ಬೆಲೆಯಲ್ಲಿ ಒಂದಿಷ್ಟು ಇಳಿಸಿಕೊಳ್ಳುವುದೋ, ಆನ್‌ಲೈನಿನಲ್ಲಿ ಜಾಹೀರಾತು ಹಾಕಿ ನಾವೇ ಮಾರುವುದೋ? ಬಲ್ಲವರು ಇದಕ್ಕೊಂದು ಜಾಣ ಉತ್ತರ ಇಟ್ಟುಕೊಂಡಿದ್ದಾರೆ: ‘ದುಡ್ಡು ಮುಖ್ಯವಾದರೆ ನೀವೇ ಮಾರಿ, ನೆಮ್ಮದಿ ಮುಖ್ಯವಾದರೆ ಅಂಗಡಿಗೆ ಕೊಡಿ.’ ಯಾರಿಗೂ ಬೇಸರವಾಗದ ಮಾತು. ನನ್ನ ತಕರಾರು ಈ ಮಾತಿನ ಮೇಲೆಯೇ. ನಾವು ದುಡ್ಡು ಕೊಟ್ಟು ಕೊಂಡ ವಸ್ತು ಕೊನೆಯವರೆಗೂ ನಮ್ಮದೋ, ಇಲ್ಲ ತಯಾರಿಸಿದ ಕಂಪನಿಯದೋ ಎಂಬ ಪ್ರಶ್ನೆ ಇದರೊಳಗೆ ಅಡಗಿದೆ. ಹಳೆಯ ಪುಸ್ತಕದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಓದುವ ಚಟ ಹತ್ತಿಸಿಕೊಂಡ ನಮ್ಮಂಥವರಿಗೆ ಇದು ದೂರದ ಪ್ರಶ್ನೆಯೇನಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. ನನ್ನ ಪ್ಲೇಸ್ಟೇಷನ್ 4 ಸ್ಲಿಮ್ ಅನ್ನು ಬೆಂಗಳೂರಿನ ಒಂದು ಅಂಗಡಿಯಲ್ಲಿ ತೋರಿಸಿದಾಗ 8,000 ರೂಪಾಯಿ ಹೇಳಿದರು. ಅದೂ ಕೈಗೆ ಬರುವ ಹಣವಲ್ಲ, ಅದೇ ಅಂಗಡಿಯಲ್ಲಿ ಹೊಸದನ್ನು ಕೊಂಡರೆ ಮಾತ್ರ ಕಳೆಯುವ ಮೊತ್ತ. ನಗದು ಬೇಕೆಂದರೆ ಇನ್ನೂ ಕಡಿಮೆ. ಪಕ್ಕದ ಗಾಜಿನ ಕಪಾಟಿನಲ್ಲಿ ಅದೇ ಮಾದರಿಯ, ನನ್ನದಕ್ಕಿಂತ ಹೆಚ್ಚು ಗೀರು ಬಿದ್ದ ಇನ್ನೊಂದು ಕನ್ಸೋಲ್‌ಗೆ 15,000ದ ಚೀಟಿ ಅಂಟಿಸಿದ್ದರು. ನಾನು ಕೊಡದೆ ವಾಪಸ್ ತಂದೆ, ಜಾಹೀರಾತು ಹಾಕಿದೆ. ಡಿಪ್ಲೊಮಾ ಓದುವ ಹುಡುಗನೊಬ್ಬ ಬಂದು 12,500ಕ್ಕೆ ಒಯ್ದ. ನನಗೆ 4,500 ಹೆಚ್ಚು ಸಿಕ್ಕಿತು, ಅವನಿಗೆ 2,500 ಉಳಿಯಿತು. ಎರಡೂ ಕೂಡಿದರೆ 7,000. ನಡುವೆ ಅಂಗಡಿ ಇದ್ದಿದ್ದರೆ ಈ 7,000 ನಮ್ಮಿಬ್ಬರ ಜೇಬಿನಿಂದಲೇ ಹೋಗುತ್ತಿತ್ತು. ಅಂಗಡಿಯ ಪರ ವಾದಿಸುವವರು ಮಾರುವವನ ನಷ್ಟವನ್ನಷ್ಟೇ ಲೆಕ್ಕ ಹಾಕಿ ‘ಹೋಗಲಿ ಬಿಡಿ’ ಅನ್ನುತ್ತಾರೆ. ಆ ಕಡೆ ಕೊಳ್ಳುವವನೊಬ್ಬನೂ ಇದ್ದಾನೆ, ಸಾಮಾನ್ಯವಾಗಿ ಅವನು ನಮಗಿಂತ ಬಡವ ಎಂಬುದು ಅವರ ಲೆಕ್ಕಕ್ಕೆ ಬರುವುದೇ ಇಲ್ಲ.

ಎಕ್ಸ್‌ಚೇಂಜ್ ನಮಗೆ ಹೊಸದೇನಲ್ಲ. ಹಳೆ ಸೀರೆ, ಪ್ಯಾಂಟು ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ನಮ್ಮ ಬೀದಿಗೂ ಬರುತ್ತಿದ್ದರು. ಅಮ್ಮ ಜಗಲಿಯ ಮೇಲೆ ಕೂತು, ‘ಜರಿ ಸೀರೆ ಕೊಟ್ಟಿದ್ದೀನಿ ಕಣಮ್ಮ, ಆ ಲೋಟಾನೂ ಸೇರಿಸು’ ಎಂದು ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದಳು. ಆಕೆಯೂ ಬಿಡುತ್ತಿರಲಿಲ್ಲ. ಬೇಡವೆನಿಸಿದರೆ ಬುಟ್ಟಿ ಹೊತ್ತು ಮುಂದಿನ ಮನೆಗೆ ಹೋಗುತ್ತಿದ್ದಳು. ಅಲ್ಲಿ ಇಬ್ಬರಿಗೂ ಮಾತಿತ್ತು. ಇವತ್ತಿನ ಅಂಗಡಿಯಲ್ಲಿ ಕಂಪ್ಯೂಟರ್ ಒಂದು ಬೆಲೆ ತೋರಿಸುತ್ತದೆ. ‘ಸಿಸ್ಟಮ್‌ನಲ್ಲಿ ಇಷ್ಟೇ ಬರ್ತಿದೆ ಸರ್’ ಎಂದರೆ ಮಾತು ಮುಗಿಯಿತು. ಲೋಟ ಸೇರಿಸುವವರು ಯಾರೂ ಇಲ್ಲ.

ಅಂಗಡಿಗೂ ಬಾಡಿಗೆ, ಸಂಬಳ, ತೆರಿಗೆ ಇದೆ. ಕೊಂಡ ಸರಕು ಕೆಟ್ಟರೆ ಅದೇ ಭರಿಸಬೇಕು. ಅದಕ್ಕೆ ಲಾಭ ಬೇಡವೆಂದು ನಾನು ಹೇಳುವುದಿಲ್ಲ. ಎಸ್.ಪಿ. ರಸ್ತೆಯ ಕಡೆಯ ಸಣ್ಣ ರಿಪೇರಿ ಅಂಗಡಿಯವನು ಕೆಟ್ಟ ಕನ್ಸೋಲನ್ನು ನಗದು ಕೊಟ್ಟು ಕೊಂಡು, ಮುರಿದ ಎಚ್‌ಡಿಎಂಐ ಪೋರ್ಟ್ ಬದಲಿಸಿ, ಫ್ಯಾನಿನ ದೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ ಮಾರಿದರೆ ಅದು ದುಡಿದ ದುಡ್ಡು. ಸತ್ತ ವಸ್ತುವಿಗೆ ಜೀವ ಬರುತ್ತದೆ, ಕಸ ಸೇರುವುದು ತಪ್ಪುತ್ತದೆ. ನಿಮ್ಮ ಕನ್ಸೋಲ್ ಆನ್ ಆಗದಿದ್ದರೆ ಧಾರಾಳವಾಗಿ ಅವನಿಗೇ ಕೊಡಿ. ನಾನು ಒಪ್ಪದಿರುವುದು ಚೆನ್ನಾಗಿ ನಡೆಯುವ ಯಂತ್ರವನ್ನು ಪಡೆದು, ಒರೆಸಿ, ಕಪಾಟಿನಲ್ಲಿಟ್ಟು, ಬದಲಿಗೆ ಕೂಪನ್ ಕೊಡುವ ವ್ಯವಹಾರವನ್ನು. ಕೂಪನ್ ಎಂದರೆ ಕಾಲು ಕಟ್ಟಿದ ದುಡ್ಡು. ಅದರಲ್ಲಿ ಪರೀಕ್ಷೆಯ ಶುಲ್ಕ ಕಟ್ಟಲಾಗದು, ಊರಿಗೆ ಬಸ್ ಟಿಕೆಟ್ ಕೊಳ್ಳಲಾಗದು, ಅಂಗಡಿಯವರದೇ ಹೊಸ ಸರಕು ಕೊಳ್ಳಬಹುದು ಅಷ್ಟೆ. ಅಮೆರಿಕದ ಗೇಮ್‌ಸ್ಟಾಪ್ ಸಾವಿರಾರು ಮಳಿಗೆಗಳ ಸರಪಳಿಯಾಗಿ ಬೆಳೆದದ್ದು ಬಹುಪಾಲು ಈ ಉಪಾಯದಿಂದಲೇ. ಹೊಸ ಆಟಗಳಿಗಿಂತ ಗಿರಾಕಿಗಳೇ ತಂದೊಪ್ಪಿಸಿದ ಹಳೆಯವುಗಳಲ್ಲಿ ಅದಕ್ಕೆ ಲಾಭದ ಪ್ರಮಾಣ ಹೆಚ್ಚಿತ್ತು.

‘ಆದರೆ ಆನ್‌ಲೈನಿನಲ್ಲಿ ಮೋಸ ಹೋದರೆ?’ ಇದು ನ್ಯಾಯವಾದ ಪ್ರಶ್ನೆ, ತಳ್ಳಿಹಾಕುವುದಿಲ್ಲ. ಸೇನೆಯಲ್ಲಿದ್ದೇನೆಂದು ಹೇಳಿಕೊಂಡು, ವಸ್ತುವನ್ನು ನೋಡದೆಯೇ ಒಪ್ಪಿ, ‘ಹಣ ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವ ವಂಚಕರ ಕಥೆ ಈಗ ಮನೆಮಾತಾಗಿದೆ. ಆದರೆ ಈ ಮೋಸ ನಡೆಯುವುದು ಒಂದೇ ಒಂದು ಸಂಗತಿ ಗೊತ್ತಿಲ್ಲದವರ ಮೇಲೆ: ಯುಪಿಐನಲ್ಲಿ ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ. ಪಿನ್ ಹಾಕಿದಿರೆಂದರೆ ಹಣ ಹೋಗುತ್ತದೆ, ಬರುವುದಿಲ್ಲ. ಇನ್ನುಳಿದದ್ದು ಸಾಮಾನ್ಯ ಎಚ್ಚರ. ಮುಂಗಡದ ಆಮಿಷಕ್ಕೆ ಬೀಳಬೇಡಿ. ಎದುರಿಗೆ ಬಂದು ನೋಡುವವರಿಗೆ ಮಾತ್ರ ಮಾರಿ. ಜೊತೆಗೊಬ್ಬ ಗೆಳೆಯನೋ ಗೆಳತಿಯೋ ಇರಲಿ. ಹಣ ಬಂದಿದೆ ಎಂದು ಅವರ ಮೊಬೈಲ್ ತೋರಿಸಿದರೆ ಸಾಲದು, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಕಾಣಬೇಕು. ಕೊಡುವ ಮುನ್ನ ನಿಮ್ಮ ಖಾತೆಯನ್ನು ಕನ್ಸೋಲ್‌ನಿಂದ ತೆಗೆದು ಪೂರ್ತಿ ರಿಸೆಟ್ ಮಾಡಿ. ಅಂಗಡಿಗೆ ಕೊಟ್ಟರೂ ಈ ಕೊನೆಯ ಕೆಲಸ ನಿಮ್ಮದೇ. ಏನಾದರೂ ಎಡವಟ್ಟಾದರೆ 1930ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಅಪರಿಚಿತರನ್ನು ಭೇಟಿಯಾಗುವುದು ಹುಡುಗರಷ್ಟು ಸಲೀಸಲ್ಲ ಎಂಬುದು ನಿಜ. ಅವರು ಕಾಲೇಜಿನ, ಹಾಸ್ಟೆಲಿನ ವಾಟ್ಸಾಪ್ ಗುಂಪಿನಲ್ಲಿ ಮಾರಲಿ. ಅದೂ ನೇರ ಮಾರಾಟವೇ.

ಇನ್ನು ‘ನೆಮ್ಮದಿ’ಯ ವಿಷಯ. ‘ಲಾಸ್ಟ್ ಪ್ರೈಸ್ ಎಷ್ಟು?’ ಎಂದು ಹತ್ತು ಜನ ಕೇಳುತ್ತಾರೆ, ಬರುತ್ತೇನೆಂದವನು ಬರುವುದಿಲ್ಲ, ಕಿರಿಕಿರಿಯೇ ಹೌದು. ಆದರೆ ಈ ಕಿರಿಕಿರಿಯಲ್ಲಿ ಒಂದು ಸಭ್ಯತೆಯೂ ಇದೆ. ಎದುರು ಕೂತವನಿಗೆ ನಾನು ನಿಜ ಹೇಳಬೇಕಾಗುತ್ತದೆ: ಎಡಗಡೆಯ ಸ್ಟಿಕ್ ತಾನಾಗಿಯೇ ಸರಿಯುತ್ತದೆ, ಬೇಸಿಗೆಯಲ್ಲಿ ಫ್ಯಾನ್ ಜೋರಾಗಿ ಕೂಗುತ್ತದೆ. ಅವನು ಟಿವಿಗೆ ಹಾಕಿ ನೋಡುತ್ತಾನೆ, ಡಿಸ್ಕ್ ತುರುಕಿ ಪರೀಕ್ಷಿಸುತ್ತಾನೆ, ಯಾವ ಆಟದಿಂದ ಶುರುಮಾಡಲಿ ಎಂದು ಕೇಳುತ್ತಾನೆ. ಅಂಗಡಿಯ ಕಪಾಟಿನಲ್ಲಿರುವ ಕನ್ಸೋಲ್‌ಗೆ ಇಂಥ ಪೂರ್ವಾಪರ ಇರುವುದಿಲ್ಲ, ‘ಪರೀಕ್ಷಿಸಲಾಗಿದೆ’ ಎಂಬ ಸ್ಟಿಕ್ಕರ್ ಇರುತ್ತದೆ.

ಹೊಸದರ ಬೆಲೆ ಕಾಲ ಕಳೆದಂತೆ ಇಳಿಯುತ್ತದೆ, ಆಗ ಬಡ ಹುಡುಗರೂ ಕೊಳ್ಳಬಹುದು ಎಂಬ ನಂಬಿಕೆಯೂ ಈಗ ಸುಳ್ಳಾಗಿದೆ. ಪ್ಲೇಸ್ಟೇಷನ್ 5 ಭಾರತದಲ್ಲಿ 2021ರ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿ. 2022ರ ಕೊನೆಗೆ ಅದೇ ಯಂತ್ರ 54,990ಕ್ಕೆ ಏರಿತು. ಹಾಗಾದರೆ ತಿಂಗಳ ಖರ್ಚಿನಲ್ಲಿ ಉಳಿಸಿ ಆಡಬೇಕೆನ್ನುವ ವಿದ್ಯಾರ್ಥಿಗೆ ದಾರಿ ಯಾವುದು? ಸೆಕೆಂಡ್ ಹ್ಯಾಂಡ್ ಒಂದೇ. ಅವೆನ್ಯೂ ರಸ್ತೆಯ ಫುಟ್‌ಪಾತಿನ ಪಠ್ಯಪುಸ್ತಕಗಳು ಎಷ್ಟು ಮಂದಿಯನ್ನು ಎಂಜಿನಿಯರ್ ಮಾಡಿವೆಯೋ ಲೆಕ್ಕವಿಲ್ಲ. ಅಲ್ಲಿ ಕೈ ಬದಲಾದ ಪುಸ್ತಕದಿಂದ ಪ್ರಕಾಶಕನಿಗೆ ಚಿಕ್ಕಾಸೂ ಬರುವುದಿಲ್ಲ. ಅದನ್ನು ಯಾರೂ ಕಳ್ಳತನ ಎನ್ನುವುದಿಲ್ಲ.

ಆದರೆ ಎನ್ನಲು ಹೊರಟವರಿದ್ದರು. ಅಮೆರಿಕದ ಪ್ರಕಾಶಕನೊಬ್ಬ ತನ್ನ ಕಾದಂಬರಿಯೊಳಗೆ ‘ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರುವಂತಿಲ್ಲ’ ಎಂದು ಅಚ್ಚು ಹಾಕಿಸಿದ್ದ. ಮೇಸೀಸ್ ಅಂಗಡಿ 89 ಸೆಂಟಿಗೆ ಮಾರಿತು. ಒಮ್ಮೆ ಮಾರಿದ ಪ್ರತಿಯ ಮೇಲೆ ಪ್ರಕಾಶಕನ ಹಿಡಿತ ಮುಗಿಯಿತು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1908ರಲ್ಲಿ ಹೇಳಿತು. ಜಪಾನಿನಲ್ಲಿ ಆಟಗಳ ಕಂಪನಿಗಳು ಹಳೆಯ ಆಟ ಮಾರುವವರನ್ನು ಕೋರ್ಟಿಗೆಳೆದಾಗ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ 2002ರಲ್ಲಿ ಮಾರುವವರ ಪರ ನಿಂತಿತು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್‌ಗೆ ರೂಪಿಸಿದ್ದ ನಿಯಮವನ್ನು ಗಮನಿಸಿ: ಹಳೆಯ ಆಟವನ್ನು ಪ್ರಕಾಶಕರು ಒಪ್ಪಿದರೆ ಆಯ್ದ ಅಂಗಡಿಗಳಲ್ಲಿ ಎಕ್ಸ್‌ಚೇಂಜ್ ಮಾಡಬಹುದು. ಗೆಳೆಯನಿಗೆ ಕೊಡಬೇಕೆಂದರೆ ಒಂದೇ ಸಲ, ಅವನೂ ಕನಿಷ್ಠ 30 ದಿನದಿಂದ ನಿಮ್ಮ ಸ್ನೇಹಿತರ ಪಟ್ಟಿಯಲ್ಲಿರಬೇಕು! ಕಂಪನಿಗೆ ಎಕ್ಸ್‌ಚೇಂಜಿನ ಬಗ್ಗೆ ಭಯವಿರಲಿಲ್ಲ, ಆ ದುಡ್ಡು ತನ್ನ ವಲಯದಲ್ಲೇ ಸುತ್ತುತ್ತದೆಂದು ಅದಕ್ಕೆ ಗೊತ್ತಿತ್ತು. ಅದು ಬಿಗಿ ಹಿಡಿದದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದನ್ನು. ಆಟಗಾರರು ಗಲಾಟೆ ಎಬ್ಬಿಸಿದರು, ಕೆಲವೇ ವಾರಗಳಲ್ಲಿ ನಿಯಮ ವಾಪಸಾಯಿತು.

ಅಂದು ನಿಯಮದಿಂದ ಆಗದ್ದು ಇಂದು ಯಂತ್ರದ ವಿನ್ಯಾಸದಿಂದ ಆಗುತ್ತಿದೆ. ಡಿಜಿಟಲ್ ಮಾದರಿಯ ಕನ್ಸೋಲ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ. 2024ರಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋ ಎಂಬ ದುಬಾರಿ ಮಾದರಿಯಲ್ಲೂ ಅದನ್ನು ಬೇರೆ ದುಡ್ಡು ಕೊಟ್ಟು ಜೋಡಿಸಿಕೊಳ್ಳಬೇಕು. ಖಾತೆಗೆ ಅಂಟಿದ ಆಟವನ್ನು ಮಾರಲಾಗದು, ಎರವಲು ಕೊಡುವ ಸುಖವೂ ಇಲ್ಲ. ಐದು ವರ್ಷ ಸೇರಿಸಿದ ಆಟಗಳೆಲ್ಲ ಕನ್ಸೋಲ್ ಮಾರುವ ದಿನ ಸೊನ್ನೆ. ಇದಕ್ಕೆ 2013ರಂಥ ಗಲಾಟೆ ಏಳಲಿಲ್ಲ. ಮಾರುವ ಅಭ್ಯಾಸವನ್ನೇ ಬಿಟ್ಟವರಿಗೆ ಮಾರುವ ಹಕ್ಕು ಹೋದದ್ದು ಗೊತ್ತಾಗುವುದಾದರೂ ಹೇಗೆ? ಎಕ್ಸ್‌ಚೇಂಜ್ ನಮಗೆ ಕಲಿಸುತ್ತಿರುವುದೂ ಇದನ್ನೇ. ಹಳೆಯದು ಬಂದ ಕಡೆಗೇ ಮರಳಬೇಕು, ಅದಕ್ಕೆ ಅವರು ಹೇಳಿದ್ದೇ ಬೆಲೆ.

ಆದ್ದರಿಂದ ಮಾರುವ ಕಾಲ ಬಂದಾಗ ಎರಡು ಸಂಜೆ ಹಾಳಾದರೂ ಆಗಲಿ, ಆಡುವ ಕೈಗೇ ಮಾರಿ. ಹೊಸದನ್ನು ಕೊಳ್ಳುವಾಗ ಡಿಸ್ಕ್ ಇರುವುದನ್ನೇ ಕೊಳ್ಳಿ. ಜಾಹೀರಾತಿನಲ್ಲಿ ಗೀರು ಎಲ್ಲಿದೆ, ಸದ್ದು ಎಷ್ಟಿದೆ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಅಂಗಡಿಯವರು ಎಷ್ಟಕ್ಕೆ ಕೇಳಿದ್ದರು ಎಂಬುದನ್ನೂ ಬರೆಯಿರಿ. ಕೊಳ್ಳುವವನಿಗೂ ಗೊತ್ತಿರಲಿ.